ಹಾಸಿಗೆಯ ಬಳಿಗೆ ಬರಬೇಕಾದ ಯಂತ್ರ

ಕೂಡ್ಲಿಗಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಬೈಕೊಂದು ಲಾರಿಗೆ ಡಿಕ್ಕಿ ಹೊಡೆಯಿತು ಎಂದುಕೊಳ್ಳೋಣ. ಸವಾರನನ್ನು ಸಮೀಪದ ಸರ್ಕಾರಿ ಆಸ್ಪತ್ರೆಗೆ ತರುತ್ತಾರೆ. ಮೈಮೇಲೆ ದೊಡ್ಡ ಗಾಯವೇನೂ ಕಾಣುತ್ತಿಲ್ಲ. ಆತ ತನ್ನ ಹೆಸರು, ಊರು ಹೇಳುತ್ತಿದ್ದಾನೆ. ನಾಡಿ ಮಾತ್ರ ವೇಗವಾಗಿದೆ, ಹೊಟ್ಟೆ ಮುಟ್ಟಿದರೆ ನೋವು ಎನ್ನುತ್ತಾನೆ. ಕರ್ತವ್ಯದಲ್ಲಿರುವ ವೈದ್ಯರ ಮುಂದಿರುವ ಪ್ರಶ್ನೆ ಒಂದೇ: ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ, ಇಲ್ಲವೇ? ಸೋರುತ್ತಿದ್ದರೆ ಒಂದು ಕ್ಷಣವನ್ನೂ ಕಳೆಯದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಕಡೆಗೆ ಸಾಗಿಸಬೇಕು. ಅಲ್ಲಿನವರಿಗೆ ಮೊದಲೇ ತಿಳಿಸಿ ರಕ್ತ ಸಿದ್ಧವಾಗಿಡಲು ಹೇಳಬೇಕು. ಬಳ್ಳಾರಿ 60 ಕಿಲೋಮೀಟರಿಗೂ ಹೆಚ್ಚು ದೂರ. ಈ ಪ್ರಶ್ನೆಗೆ ಕೈಬೆರಳು ಮತ್ತು ಸ್ಟೆತಾಸ್ಕೋಪು ಕೊಡುವ ಉತ್ತರ ಹಲವು ವೇಳೆ ತಪ್ಪಾಗುತ್ತದೆ.

ಇದಕ್ಕೆ ಕೆಲವೇ ನಿಮಿಷಗಳಲ್ಲಿ ಉತ್ತರ ನೀಡಬಲ್ಲ ಸಾಧನವೊಂದಿದೆ. ಅಂಗೈಯಲ್ಲಿ ಹಿಡಿಯಬಹುದಾದ, ಬ್ಯಾಟರಿಯಿಂದ ನಡೆಯುವ ಅಲ್ಟ್ರಾಸೌಂಡ್ ಯಂತ್ರ ಅದು. ರೋಗಿಯನ್ನು ಸ್ಕ್ಯಾನಿಂಗ್ ಕೋಣೆಗೆ ಕಳುಹಿಸುವ ಬದಲು, ಚಿಕಿತ್ಸೆ ಕೊಡುವ ವೈದ್ಯರೇ ಯಂತ್ರವನ್ನು ಹಾಸಿಗೆಯ ಬಳಿಗೆ ತಂದು, ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರ ಹುಡುಕುವ ಈ ವಿಧಾನವನ್ನು ವೈದ್ಯಲೋಕ ‘ಪಾಯಿಂಟ್ ಆಫ್ ಕೇರ್ ಅಲ್ಟ್ರಾಸೌಂಡ್’ ಎಂದು ಕರೆಯುತ್ತದೆ. ಪಕ್ಕೆಲುಬುಗಳ ಬಲಗಡೆ ಯಕೃತ್ತು ಮತ್ತು ಮೂತ್ರಪಿಂಡದ ನಡುವೆ, ಎಡಗಡೆ ಗುಲ್ಮದ ಸುತ್ತ, ಕಿಬ್ಬೊಟ್ಟೆಯಲ್ಲಿ ಮತ್ತು ಹೃದಯದ ಹೊರಪೊರೆಯಲ್ಲಿ, ಹೀಗೆ ನಾಲ್ಕು ಕಡೆ ಶೋಧಕವನ್ನಿಟ್ಟು ನೋಡುವುದು ಅಪಘಾತದ ರೋಗಿಗಳಿಗೆ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಕ್ರಮ. ರಕ್ತ ಶೇಖರವಾಗಿದ್ದರೆ ಪರದೆಯ ಮೇಲೆ ಅದು ಕಪ್ಪು ಪಟ್ಟಿಯಾಗಿ ಕಾಣುತ್ತದೆ. ತಜ್ಞರ ವಿಸ್ತಾರವಾದ ವರದಿ ಇಲ್ಲಿ ಬೇಕಿಲ್ಲ. ‘ಇದೆ’ ಅಥವಾ ‘ಕಾಣುತ್ತಿಲ್ಲ’ ಎಂಬ ಒಂದು ಮಾತು ಸಾಕು.

ಅಲ್ಟ್ರಾಸೌಂಡ್ ವೈದ್ಯಕೀಯಕ್ಕೆ ಹೊಸತಲ್ಲ. ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್, ಎಂಜಿನಿಯರ್ ಟಾಮ್ ಬ್ರೌನ್ ಮತ್ತು ಸಹೋದ್ಯೋಗಿಯೊಡನೆ ಹೊಟ್ಟೆಯ ಗಡ್ಡೆಗಳನ್ನು ಶಬ್ದತರಂಗದಿಂದ ಗುರುತಿಸುವ ಬಗೆಯನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು 1958ರಲ್ಲಿ. ಅಂದಿನ ಯಂತ್ರ ಒಂದು ಕೋಣೆಯನ್ನೇ ಬೇಡುತ್ತಿತ್ತು. ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಪರೀಕ್ಷಿಸುವ ಉದ್ದೇಶದಿಂದ ಅಮೆರಿಕದ ರಕ್ಷಣಾ ಇಲಾಖೆ ಹಣ ಒದಗಿಸಿದ ಸಂಶೋಧನೆಯ ಫಲವಾಗಿ, ಕೈಯಲ್ಲಿ ಹೊತ್ತೊಯ್ಯಬಹುದಾದ ಯಂತ್ರ 1999ರಲ್ಲಿ ಮಾರುಕಟ್ಟೆಗೆ ಬಂತು. 2017ರಲ್ಲಿ ಸಿಲಿಕಾನ್ ಚಿಪ್ ಆಧಾರಿತ, ಮೊಬೈಲ್ ಫೋನಿಗೆ ಜೋಡಿಸುವ ಶೋಧಕಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂದು ಇಂತಹ ಸಾಧನದ ಬೆಲೆ ಆಸ್ಪತ್ರೆಯ ದೊಡ್ಡ ಯಂತ್ರದ ಬೆಲೆಯಲ್ಲಿ ಒಂದು ಸಣ್ಣ ಪಾಲು ಮಾತ್ರ. ಎಕ್ಸ್‌-ರೇಯಲ್ಲಿರುವ ವಿಕಿರಣದ ಭಯವೂ ಇಲ್ಲಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ, ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳು ಇಂತಹ ಸಾಧನದ ಅಗತ್ಯವನ್ನು ಬೇರೆಲ್ಲ ಕಡೆಗಿಂತ ಹೆಚ್ಚು ಸ್ಪಷ್ಟವಾಗಿ ತೋರಿಸುತ್ತವೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಹೊಸ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಜಿಲ್ಲಾ ಕೇಂದ್ರ ಹೊಸಪೇಟೆಯಾಯಿತು. ಆದರೆ ಗಂಭೀರ ಕಾಯಿಲೆಯಾದರೆ ಈ ಭಾಗದ ಜನ ಇಂದಿಗೂ ಬಳ್ಳಾರಿ, ದಾವಣಗೆರೆ ಅಥವಾ ಹುಬ್ಬಳ್ಳಿಯ ದಾರಿ ಹಿಡಿಯುವುದೇ ರೂಢಿ. ಹರಪನಹಳ್ಳಿಯಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಆಮೇಲೆ ಮತ್ತೆ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ ಎಂದು ಜಿಲ್ಲೆಯಿಂದ ಜಿಲ್ಲೆಗೆ ಅಲೆದ ತಾಲ್ಲೂಕು. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಕೂಡ್ಲಿಗಿ ಮತ್ತು ಹರಪನಹಳ್ಳಿಯ ಹೆಸರುಗಳಿದ್ದವು. ರೇಡಿಯಾಲಜಿ ತಜ್ಞರು ನಗರಗಳಲ್ಲೇ ನೆಲೆಸಲು ಬಯಸುವುದು ದೇಶದ ಎಲ್ಲೆಡೆಯ ಅನುಭವ. ಅಂತಹ ತಜ್ಞರು ಇರುವ ಕಡೆಯಲ್ಲೂ ಅವರು ರಾತ್ರಿ ಹನ್ನೊಂದಕ್ಕೆ ಲಭ್ಯರಿರುತ್ತಾರೆ ಎಂದು ನಿರೀಕ್ಷಿಸುವಂತಿಲ್ಲ.

ಹಾಸಿಗೆ ಬದಿಯ ಸ್ಕ್ಯಾನಿಂಗ್ ಅಪಘಾತಕ್ಕಷ್ಟೇ ಸೀಮಿತವಲ್ಲ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ಗುರು ಕೊಟ್ಟೂರೇಶ್ವರ ರಥೋತ್ಸವದಲ್ಲಿ ತೇರು ಉರುಳಿಬಿದ್ದು ಹಲವರು ಗಾಯಗೊಂಡದ್ದನ್ನು ಓದುಗರು ಮರೆತಿರಲಾರರು. ಲಕ್ಷಾಂತರ ಜನ ಸೇರುವ ಜಾತ್ರೆಯಲ್ಲಿ ಒಮ್ಮೆಗೇ ಹತ್ತಾರು ಗಾಯಾಳುಗಳು ಬಂದರೆ, ಯಾರನ್ನು ಮೊದಲು ಸಾಗಿಸಬೇಕು, ಯಾರು ಕಾಯಬಹುದು ಎಂಬ ವಿಂಗಡಣೆಯೇ ವೈದ್ಯರ ಮೊದಲ ಕೆಲಸ. 1988ರಲ್ಲಿ ಅರ್ಮೇನಿಯಾದಲ್ಲಿ ಭೂಕಂಪವಾದಾಗ ಅಲ್ಲಿನ ವೈದ್ಯರು 72 ಗಂಟೆಗಳಲ್ಲಿ 400 ಗಾಯಾಳುಗಳನ್ನು ಅಲ್ಟ್ರಾಸೌಂಡಿನಿಂದ ಪರೀಕ್ಷಿಸಿ ಹೀಗೆಯೇ ವಿಂಗಡಿಸಿದ್ದರು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಕಾರಣಿಕೋತ್ಸವಕ್ಕೂ ಅಂತಹುದೇ ಜನಸಾಗರ ಸೇರುತ್ತದೆ. ಜಾತ್ರೆಗೆ ಬಂದೋಬಸ್ತು, ಕುಡಿಯುವ ನೀರು, ಆಂಬುಲೆನ್ಸುಗಳ ಯೋಜನೆ ಮಾಡುವಾಗ ಇಂತಹ ಒಂದು ಯಂತ್ರವನ್ನೂ ಅದನ್ನು ಬಳಸಬಲ್ಲ ವೈದ್ಯರನ್ನೂ ಸೇರಿಸಿಕೊಳ್ಳುವುದು ಅತಿಯಾಸೆಯೇನಲ್ಲ.

ಇನ್ನು ದಿನನಿತ್ಯದ ಕಾಯಿಲೆಗಳ ಮಾತು. ಏದುಸಿರು ಬಿಡುತ್ತ ಬರುವ ವೃದ್ಧರ ತೊಂದರೆ ಹೃದಯದ್ದೋ, ಉಬ್ಬಸದ್ದೋ, ನ್ಯುಮೋನಿಯಾದ್ದೋ? ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಒಂದಕ್ಕೆ ಕೊಡುವ ಔಷಧ ಇನ್ನೊಂದರಲ್ಲಿ ಹಾನಿ ಮಾಡಬಹುದು. ಗಾಳಿ ತುಂಬಿದ ಶ್ವಾಸಕೋಶವನ್ನು ಅಲ್ಟ್ರಾಸೌಂಡಿನಿಂದ ನೋಡಲಾಗದು ಎಂಬ ನಂಬಿಕೆ ದೀರ್ಘಕಾಲ ಇತ್ತು. ಫ್ರಾನ್ಸಿನ ತೀವ್ರನಿಗಾ ತಜ್ಞ ಡೇನಿಯಲ್ ಲಿಕ್ಟೆನ್‌ಸ್ಟೈನ್ ಅದನ್ನು ಸುಳ್ಳಾಗಿಸಿದರು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಾಗ ಪರದೆಯ ಮೇಲೆ ಲಂಬ ರೇಖೆಗಳು ಮೂಡುತ್ತವೆ. ಪಕ್ಕೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಕುಸಿದಾಗ ಪೊರೆಗಳ ಚಲನೆ ನಿಂತುಹೋಗುತ್ತದೆ. ಈ ಚಿಹ್ನೆಗಳನ್ನು ಆಧರಿಸಿ ಉಸಿರಾಟದ ತೊಂದರೆಯ ಕಾರಣವನ್ನು ಗುರುತಿಸುವ ಕ್ರಮವನ್ನು ಅವರು 2008ರಲ್ಲಿ ಪ್ರಕಟಿಸಿದರು. ಅದರಲ್ಲಿ ಹತ್ತಕ್ಕೆ ಒಂಬತ್ತು ರೋಗಿಗಳಲ್ಲಿ ಕಾರಣ ಸರಿಯಾಗಿ ಪತ್ತೆಯಾಗಿತ್ತು. ಕೋವಿಡ್ ಕಾಲದಲ್ಲಿ ಅನೇಕ ಆಸ್ಪತ್ರೆಗಳು ಈ ವಿಧಾನವನ್ನೇ ನೆಚ್ಚಿಕೊಂಡಿದ್ದವು.

ಡೆಂಗಿಯ ಉದಾಹರಣೆ ನೋಡಿ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಹಗರಿಬೊಮ್ಮನಹಳ್ಳಿ, ಕೊಟ್ಟೂರುಗಳಂತಹ ಬಯಲುಸೀಮೆಯಲ್ಲಿ ನಲ್ಲಿಯ ನೀರು ದಿನವೂ ಬರುತ್ತದೆಂಬ ಭರವಸೆಯಿಲ್ಲದ ಮನೆಗಳು ನೀರನ್ನು ತೊಟ್ಟಿ, ಡ್ರಮ್ಮುಗಳಲ್ಲಿ ಹಿಡಿದಿಡುವುದು ಅನಿವಾರ್ಯ. ಈಡಿಸ್ ಸೊಳ್ಳೆಗೆ ಬೇಕಾಗಿರುವುದೂ ಅಂತಹ ನಿಂತ ಸ್ವಚ್ಛ ನೀರೇ. ಡೆಂಗಿಯಲ್ಲಿ ಜೀವಕ್ಕೆ ಅಪಾಯ ತರುವುದು ರಕ್ತದ ದ್ರವಾಂಶ ನಾಳಗಳಿಂದ ಹೊರಸೋರುವ ಹಂತ. ಪ್ಲೇಟ್‌ಲೆಟ್ ಸಂಖ್ಯೆಯನ್ನಷ್ಟೇ ನೋಡಿ ಕುಟುಂಬಗಳು ಗಾಬರಿಯಾಗಿ ನಗರಕ್ಕೆ ಓಡುತ್ತವೆ. ಆದರೆ ಪಿತ್ತಕೋಶದ ಗೋಡೆ ದಪ್ಪಗಾಗಿರುವುದು, ಎದೆಗೂಡು ಮತ್ತು ಹೊಟ್ಟೆಯಲ್ಲಿ ನೀರು ಸೇರಿರುವುದು ಇವುಗಳನ್ನು ಹಾಸಿಗೆಯ ಬಳಿಯಲ್ಲೇ ಅಲ್ಟ್ರಾಸೌಂಡ್ ತೋರಿಸಬಲ್ಲದು. ಯಾರನ್ನು ನಿಜಕ್ಕೂ ಬಳ್ಳಾರಿಗೆ ಕಳುಹಿಸಬೇಕು, ಯಾರನ್ನು ಸಮೀಪದಲ್ಲೇ ಉಪಚರಿಸಬಹುದು ಎಂದು ನಿರ್ಧರಿಸಲು ಇದೊಂದು ನೆರವು.

ಈ ಸೀಮೆಯ ಕುರಿಗಾಹಿಗಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯೂ ಇದೆ. ಕುರಿ ಮತ್ತು ನಾಯಿಗಳ ನಡುವೆ ಬದುಕುವವರಲ್ಲಿ ಹೈಡಾಟಿಡ್ ಎಂಬ ಪರೋಪಜೀವಿಯಿಂದ ಯಕೃತ್ತಿನಲ್ಲಿ ನೀರು ತುಂಬಿದ ಗಂಟುಗಳು ಬೆಳೆಯಬಹುದು. ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣದಿರಬಹುದು. ಕೆನ್ಯಾದ ತುರ್ಕಾನಾ ಪ್ರದೇಶದ ಅಲೆಮಾರಿ ಪಶುಪಾಲಕರಲ್ಲಿ ಈ ಕಾಯಿಲೆಯನ್ನು ಪತ್ತೆಹಚ್ಚಲು ಸಂಚಾರಿ ಅಲ್ಟ್ರಾಸೌಂಡ್ ರಕ್ತಪರೀಕ್ಷೆಗಿಂತ ಹೆಚ್ಚು ಉಪಯುಕ್ತವೆಂದು 1987ರಲ್ಲೇ ವರದಿಯಾಗಿತ್ತು. ಯಂತ್ರವೇ ಹಟ್ಟಿಯ ಬಳಿಗೆ ಹೋದದ್ದು ಅಲ್ಲಿನ ಯಶಸ್ಸಿನ ಕಾರಣ.

ಇಷ್ಟೆಲ್ಲ ಉಪಯೋಗವಿರುವ ಸಾಧನ ನಮ್ಮ ಪ್ರತಿಯೊಂದು ತುರ್ತು ಚಿಕಿತ್ಸಾ ಕೋಣೆಯಲ್ಲೂ ಏಕಿಲ್ಲ? ಹಣದ ಕೊರತೆ, ತರಬೇತಿಯ ಕೊರತೆ ಎಂಬ ಉತ್ತರಗಳು ಅರ್ಧ ಸತ್ಯ. ಉಳಿದರ್ಧವನ್ನು ನಮ್ಮ ಸಮಾಜದ ಒಂದು ಕಳಂಕದಲ್ಲಿ ಹುಡುಕಬೇಕು. ಗಾಯಾಳುವಿನ ಹೊಟ್ಟೆಯ ರಕ್ತವನ್ನು ತೋರಿಸುವ ಯಂತ್ರವೇ ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂಬುದನ್ನೂ ತೋರಿಸುತ್ತದೆ.

1991ರ ಜನಗಣತಿಯಲ್ಲಿ ದೇಶದ ಆರು ವರ್ಷದೊಳಗಿನ ಪ್ರತಿ ಸಾವಿರ ಗಂಡುಮಕ್ಕಳಿಗೆ 945 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಅದು 927ಕ್ಕೂ, 2011ರಲ್ಲಿ 919ಕ್ಕೂ ಇಳಿಯಿತು. 2001ರಲ್ಲಿ ಪಂಜಾಬಿನ ಸಂಖ್ಯೆ 798ಕ್ಕೆ ಕುಸಿದಿತ್ತು. ಕರ್ನಾಟಕ 1991ರ 960ರಿಂದ 2001ರಲ್ಲಿ 946ಕ್ಕೆ ಬಿದ್ದು, 2011ರಲ್ಲಿ 948ಕ್ಕೆ ತುಸು ಚೇತರಿಸಿಕೊಂಡಿತು. 1994ರಲ್ಲಿ ರೂಪುಗೊಂಡ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯನ್ನು ಸುಪ್ರೀಂ ಕೋರ್ಟಿನ ಮಧ್ಯಪ್ರವೇಶದ ನಂತರ 2003ರಲ್ಲಿ ಬಿಗಿಗೊಳಿಸಲಾಯಿತು. ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು. ನೋಂದಣಿಯಿಲ್ಲದವರಿಗೆ ಅದನ್ನು ಮಾರುವಂತಿಲ್ಲ. ಗರ್ಭಿಣಿಯ ಪ್ರತಿ ಸ್ಕ್ಯಾನಿಂಗ್‌ಗೂ ‘ಎಫ್’ ನಮೂನೆ ತುಂಬಬೇಕು. ದಾಖಲೆಯಲ್ಲಿ ಲೋಪವಿದ್ದರೆ ಅದನ್ನೇ ಉಲ್ಲಂಘನೆಯೆಂದು ಭಾವಿಸಲಾಗುತ್ತದೆ. ಈ ಕಠಿಣ ನಿಯಮಗಳನ್ನು ಪ್ರಶ್ನಿಸಿ ಪ್ರಸೂತಿ ತಜ್ಞರ ಒಕ್ಕೂಟ ಸಲ್ಲಿಸಿದ ಅರ್ಜಿಯನ್ನು 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಕೈಯಲ್ಲಿ ಒಯ್ಯುವ ಯಂತ್ರಗಳ ಮೇಲಂತೂ 2012ರಲ್ಲಿ ವಿಶೇಷ ನಿರ್ಬಂಧ ಬಂತು. ಅವುಗಳನ್ನು ನೋಂದಾಯಿತ ಆಸ್ಪತ್ರೆಯ ಆವರಣದೊಳಗೆ ಒಳರೋಗಿಗಳಿಗೆ ಬಳಸಬಹುದು. ಇಲ್ಲವೇ ಇತರ ಆರೋಗ್ಯ ಸೇವೆಗಳನ್ನೂ ನೀಡುವ ಸಂಚಾರಿ ವೈದ್ಯಕೀಯ ಘಟಕದ ಭಾಗವಾಗಿ ಬಳಸಬಹುದು. ಬೇರೆ ಯಾವ ಬಗೆಯ ಬಳಕೆಗೂ ಅವಕಾಶವಿಲ್ಲ. ಸ್ಕ್ಯಾನಿಂಗ್ ಮಾಡುವ ಎಂಬಿಬಿಎಸ್ ವೈದ್ಯರು ಆರು ತಿಂಗಳ ನಿಗದಿತ ತರಬೇತಿ ಪಡೆದಿರಬೇಕೆಂಬ ನಿಯಮಾವಳಿ 2014ರಲ್ಲಿ ಜಾರಿಗೆ ಬಂತು.

ಈ ಭಯ ನಿರಾಧಾರವೇ? ಖಂಡಿತ ಅಲ್ಲ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆ ಜಾಲವನ್ನು ನೆನಪಿಸಿಕೊಳ್ಳಿ. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತೆಂಬುದು ತನಿಖೆಯಲ್ಲಿ ಹೊರಬಿದ್ದಾಗ ಇಡೀ ರಾಜ್ಯ ಬೆಚ್ಚಿಬಿತ್ತು. ವೈದ್ಯರೂ ಸೇರಿ ಹಲವರ ಬಂಧನವಾಯಿತು. ಸರ್ಕಾರ ಪ್ರಕರಣವನ್ನು ಸಿಐಡಿಗೆ ವಹಿಸಿತು. ಬೆಲ್ಲ ಬೇಯಿಸುವ ಮನೆಗೆ ಯಂತ್ರ ಹೋಗಬಹುದಾದರೆ, ಜೇಬಿನಲ್ಲಿ ಹಿಡಿಸುವ ಯಂತ್ರ ಎಲ್ಲಿಗೆ ತಾನೇ ಹೋಗಲಾರದು? ಮಹಿಳಾ ಸಂಘಟನೆಗಳ ಈ ಆತಂಕವನ್ನು ವೈದ್ಯರ ಅನುಕೂಲದ ಹೆಸರಿನಲ್ಲಿ ಬದಿಗೆ ಸರಿಸುವುದು ಸರಿಯಲ್ಲ. ಕಾಯ್ದೆಯನ್ನು ಸಡಿಲಿಸಿ ಎಂದು ಕೇಳುವುದು ಈ ಲೇಖನದ ಉದ್ದೇಶವೂ ಅಲ್ಲ.

ಆದರೆ ಮಂಡ್ಯದ ಪ್ರಕರಣ ಇನ್ನೊಂದು ಪಾಠವನ್ನೂ ಹೇಳುತ್ತದೆ. ಕಾನೂನು ಇಷ್ಟು ಬಿಗಿಯಾಗಿದ್ದಾಗಲೇ ಆ ಜಾಲ ನಡೆಯಿತು. ಅಪರಾಧ ಎಸಗುವವರು ನೋಂದಣಿಗೆ ಅರ್ಜಿ ಹಾಕುವುದಿಲ್ಲ, ‘ಎಫ್’ ನಮೂನೆಯನ್ನೂ ತುಂಬುವುದಿಲ್ಲ. ನಿಯಮಗಳ ಭಾರಕ್ಕೆ ಬಾಗುವವರು ಪ್ರಾಮಾಣಿಕರು. ರಾತ್ರಿ ಪಾಳಿಯ ಸರ್ಕಾರಿ ವೈದ್ಯರೊಬ್ಬರು ಜೈಲು, ವೈದ್ಯಕೀಯ ಪರಿಷತ್ತಿನ ಕ್ರಮಗಳ ಭಯದಿಂದ ಯಂತ್ರವನ್ನು ಮುಟ್ಟದೇ ಇರುವುದೇ ಕ್ಷೇಮ ಎಂದು ಭಾವಿಸಿದರೆ ಅವರನ್ನು ದೂರುವಂತಿಲ್ಲ. ಅದರ ಬೆಲೆ ತೆರುವವನು ಹೆದ್ದಾರಿಯಿಂದ ಬಂದ ಬೈಕ್ ಸವಾರ.

ಅವನಷ್ಟೇ ಅಲ್ಲ, ಕಾಯ್ದೆ ಯಾರನ್ನು ರಕ್ಷಿಸಹೊರಟಿದೆಯೋ ಆ ಹೆಣ್ಣೂ ಬೆಲೆ ತೆರುತ್ತಾಳೆ. ಹರಪನಹಳ್ಳಿ, ಕೂಡ್ಲಿಗಿಯ ತಾಂಡಾಗಳಿಂದ, ಹಟ್ಟಿಗಳಿಂದ ಪ್ರತಿ ವರ್ಷ ಕುಟುಂಬಗಳು ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ಗುಳೆ ಹೋಗುತ್ತವೆ. ಬಸುರಿ ಹೆಂಗಸರೂ ಜೊತೆಗೆ ಹೋಗುತ್ತಾರೆ. ತಾಯಿ ಕಾರ್ಡು ಒಂದು ಊರಿನಲ್ಲಿ, ದುಡಿಮೆ ಇನ್ನೊಂದು ಊರಿನಲ್ಲಿ. 24 ವಾರಗಳೊಳಗೆ ಪ್ರತಿ ಗರ್ಭಿಣಿಗೂ ಒಂದು ಸ್ಕ್ಯಾನಿಂಗ್ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿತು. ಗುಳೆ ಮುಗಿಸಿ ತುಂಬು ಬಸುರಿಯಾಗಿ ಹಿಂದಿರುಗುವ ಹೆಂಗಸಿಗೆ ಎಷ್ಟು ವಾರ ತುಂಬಿದೆ, ಅವಳಿ ಮಕ್ಕಳೇ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಬಂದಿದೆಯೇ ಎಂಬುದು ಗೊತ್ತಿರುವುದಿಲ್ಲ. ಮಾಸು ಅಡ್ಡಲಾಗಿದ್ದು ಹೆರಿಗೆ ಹಳ್ಳಿಯಲ್ಲೇ ಶುರುವಾದರೆ ರಕ್ತಸ್ರಾವವನ್ನು ತಡೆಯುವುದು ಕಷ್ಟ. ಗರ್ಭನಾಳದಲ್ಲಿ ಕಟ್ಟಿದ ಗರ್ಭ ಒಡೆದು ಕುಸಿದುಬೀಳುವ ತರುಣಿಯ ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದು ಭಾವಿಸಿ ಚುಚ್ಚುಮದ್ದು ಕೊಟ್ಟು ಕಳುಹಿಸುವ ಅಪಾಯವೂ ಇಂತಹ ಕಡೆಯಲ್ಲೇ ಹೆಚ್ಚು. ಹುಟ್ಟಲಿರುವ ಹೆಣ್ಣನ್ನು ಉಳಿಸುವ ಕಾಯ್ದೆ, ಹೆರಲಿರುವ ಹೆಣ್ಣನ್ನು ಉಳಿಸುವ ಸಾಧನಕ್ಕೆ ಅಡ್ಡಿಯಾಗಬಾರದು.

ಹಾಗಾದರೆ ದಾರಿ ಯಾವುದು? ಈಗಿರುವ ನಿಯಮವನ್ನೇ ಗಮನವಿಟ್ಟು ಓದಿದರೆ, ಆಸ್ಪತ್ರೆಯ ಆವರಣದೊಳಗೆ ಯಂತ್ರವನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಒಯ್ಯಲು ಅಡ್ಡಿಯಿಲ್ಲ. ಸಂಚಾರಿ ಘಟಕಕ್ಕೂ ಅವಕಾಶವಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಯಂತ್ರವನ್ನು ವ್ಯಕ್ತಿಯ ಕೈಗೊಪ್ಪಿಸದೆ ಸಂಸ್ಥೆಯ ಆಸ್ತಿಯಾಗಿ ನೋಂದಾಯಿಸಿ ತುರ್ತು ಚಿಕಿತ್ಸಾ ಕೋಣೆಯಲ್ಲಿಡುವುದು ಮೊದಲ ಹೆಜ್ಜೆ. ದಾಖಲಾತಿಯ ಚೀಟಿ ಬರೆಯುವ ಮುನ್ನವೇ ಪ್ರಾಣಾಪಾಯದಲ್ಲಿರುವ ವ್ಯಕ್ತಿಯನ್ನೂ ‘ಒಳರೋಗಿ’ ಎಂದೇ ಪರಿಗಣಿಸಬೇಕೆಂಬ ಸ್ಪಷ್ಟನೆ ಎರಡನೆಯದು. ಇನ್ನು, ಆರು ತಿಂಗಳ ತರಬೇತಿಯ ನಿಯಮ ರೂಪುಗೊಂಡದ್ದು ಗರ್ಭದ ಸ್ಕ್ಯಾನಿಂಗನ್ನು ಮನಸ್ಸಿನಲ್ಲಿಟ್ಟುಕೊಂಡು. ಗಾಯಾಳುವಿನ ಹೊಟ್ಟೆ, ಎದೆ, ಹೃದಯಗಳನ್ನಷ್ಟೇ ನೋಡಬೇಕಾದ ವೈದ್ಯರಿಗೆ ಸೀಮಿತ ಉದ್ದೇಶದ, ಪರೀಕ್ಷೆಯಿಂದ ಪ್ರಮಾಣೀಕೃತವಾದ ಕಿರು ತರಬೇತಿಯೊಂದನ್ನು ಕಾನೂನಿನ ಚೌಕಟ್ಟಿನೊಳಗೇ ರೂಪಿಸಬೇಕು. ಪ್ರತಿ ಚಿತ್ರವೂ ವೇಳೆ, ಸ್ಥಳ, ವೈದ್ಯರ ಗುರುತಿನೊಡನೆ ತಾನಾಗಿಯೇ ಜಿಲ್ಲಾ ಪ್ರಾಧಿಕಾರದ ಕಂಪ್ಯೂಟರಿಗೆ ಸೇರುವಂತೆ ಮಾಡುವುದು ಇಂದಿನ ತಂತ್ರಜ್ಞಾನಕ್ಕೆ ಕಷ್ಟವಲ್ಲ. ಬೀಗ ಹಾಕಿದ ಕೋಣೆಯಲ್ಲಿ ನಡೆಯುವ ಸ್ಕ್ಯಾನಿಂಗ್‌ಗಿಂತ ಪ್ರತಿ ಕ್ಷಣವೂ ದಾಖಲಾಗುವ ಸ್ಕ್ಯಾನಿಂಗ್ ಹೆಚ್ಚು ಸುರಕ್ಷಿತ.

ತಜ್ಞರಿಲ್ಲದ ಕಡೆ ತಜ್ಞತೆಯನ್ನು ಒದಗಿಸುವ ಮಾದರಿಯೂ ನಮ್ಮಲ್ಲೇ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಓದಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವ ವ್ಯವಸ್ಥೆ ಇದೆ. ಅಲ್ಟ್ರಾಸೌಂಡಿಗೂ ಇದೇ ದಾರಿ ಸಾಧ್ಯ. 2004ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ, ವೈದ್ಯರಲ್ಲದ ಗಗನಯಾತ್ರಿಗಳು ಭೂಮಿಯಿಂದ ತಜ್ಞರು ನೀಡಿದ ಸೂಚನೆಯಂತೆ ಸಹಯಾತ್ರಿಯ ಭುಜದ ಅಲ್ಟ್ರಾಸೌಂಡ್ ತೆಗೆದಿದ್ದರು. ಭೂಮಿಯಿಂದ ಅಂತರಿಕ್ಷಕ್ಕೆ ಮಾರ್ಗದರ್ಶನ ಸಾಧ್ಯವಾದರೆ, ಬಳ್ಳಾರಿಯಿಂದ ಗುಡೇಕೋಟೆಗೆ ಏಕೆ ಆಗದು? ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆಂದೇ ಮಂಡಳಿಯಿದೆ, ಅನುದಾನವಿದೆ. ಕಟ್ಟಡಗಳಿಗೆ ಸುರಿಯುವ ಹಣದ ಒಂದಂಶದಲ್ಲಿ ಐದು ತಾಲ್ಲೂಕುಗಳ ಆಸ್ಪತ್ರೆಗಳಿಗೆ ಯಂತ್ರ ಮತ್ತು ತರಬೇತಿ ಎರಡನ್ನೂ ಒದಗಿಸಬಹುದು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅಲ್ಟ್ರಾಸೌಂಡ್ ನೋಡುವವರ ಕಣ್ಣನ್ನು ಅವಲಂಬಿಸಿದ ಪರೀಕ್ಷೆ. ಹೊಟ್ಟೆಯಲ್ಲಿ ರಕ್ತ ಇನ್ನೂ ಸ್ವಲ್ಪವೇ ಸೇರಿದ್ದರೆ ಮೊದಲ ನೋಟಕ್ಕೆ ಅದು ಕಾಣದೇ ಹೋಗಬಹುದು. ‘ಕಾಣುತ್ತಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಅರ್ಥೈಸಿ ರೋಗಿಯನ್ನು ಮನೆಗೆ ಕಳುಹಿಸಿದರೆ ಯಂತ್ರವೇ ಅಪಾಯಕಾರಿ. ಅನುಮಾನವಿದ್ದಾಗ ಮತ್ತೆ ಮತ್ತೆ ನೋಡಬೇಕು. ರೇಡಿಯಾಲಜಿ ತಜ್ಞರ ಸ್ಥಾನವನ್ನು ಇದು ತುಂಬುವುದಿಲ್ಲ. ಅವರ ಬಳಿಗೆ ಯಾರು ಬೇಗ ಹೋಗಬೇಕೆಂಬುದನ್ನಷ್ಟೇ ಹೇಳುತ್ತದೆ. ತರಬೇತಿಯಿಲ್ಲದೆ ಯಂತ್ರ ಹಂಚಿದರೆ ಅವು ಕಪಾಟುಗಳಲ್ಲಿ ಧೂಳು ತಿನ್ನುತ್ತವೆ ಅಥವಾ ತಪ್ಪು ಕೈಗಳನ್ನು ಸೇರುತ್ತವೆ.

2008ರಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾದಾಗ ರೋಗಿಯನ್ನು ಆಸ್ಪತ್ರೆಗೆ ತಲುಪಿಸುವುದು ರಾಜ್ಯದ ಹೊಣೆಯೆಂದು ಸರ್ಕಾರ ಒಪ್ಪಿಕೊಂಡಂತಾಯಿತು. ಸರಿಯಾದ ಆಸ್ಪತ್ರೆಗೆ, ಸರಿಯಾದ ಹೊತ್ತಿಗೆ ತಲುಪಿಸುವುದು ಅದೇ ಹೊಣೆಯ ಮುಂದಿನ ಭಾಗ. ಹೆಣ್ಣು ಭ್ರೂಣದ ರಕ್ಷಣೆ ಮತ್ತು ಬಡ ರೋಗಿಯ ರಕ್ಷಣೆ ಎದುರುಬದುರಾಗಿ ನಿಲ್ಲಬೇಕಾದ ಹಿತಗಳಲ್ಲ. ಎರಡನ್ನೂ ಒಟ್ಟಿಗೆ ಕಾಯುವ ನಿಯಮಗಳನ್ನು ರೂಪಿಸುವ ಕೆಲಸಕ್ಕೆ ಆರೋಗ್ಯ ಇಲಾಖೆ, ವೈದ್ಯರ ಸಂಘಗಳು ಮತ್ತು ಮಹಿಳಾ ಸಂಘಟನೆಗಳು ಒಂದೇ ಮೇಜಿನ ಸುತ್ತ ಕೂರಬೇಕು. ಆ ಮಾತುಕತೆ ಬೆಂಗಳೂರಿನಲ್ಲಿ ನಡೆಯಲಿ. ಆದರೆ ಅದರ ಮೊದಲ ಪ್ರಯೋಗ ಕೂಡ್ಲಿಗಿಯಲ್ಲೋ ಹರಪನಹಳ್ಳಿಯಲ್ಲೋ ಆಗಲಿ.